ಹೆಬ್ಬೆಟ್ಟಿನ ಬಿಳಿ

ಬಿಳಿ ಎನ್ನುವುದು ಒಂದೇ ಬಣ್ಣ ಎಂದು ನಂಬಿಕೊಂಡವರು ಸುಖವಾಗಿ ಬದುಕುತ್ತಾರೆ. ಒಂದು ಬಣ್ಣದ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಕೆಲಸ ಮಾಡುವವರಿಗೆ ಮಾತ್ರ ಆ ಸುಖವಿರಲಿಲ್ಲ. ಅಲ್ಲಿ ಆಸ್ಪತ್ರೆ ಗೋಡೆಯ ಬಿಳಿ ಬೇರೆ, ಹೋಟೆಲು ಕೋಣೆಯ ಬಿಳಿ ಬೇರೆ, ಕಿಟಕಿ ಚೌಕಟ್ಟಿಗೆ ಬಳಿಯುವ ಬಿಳಿ ಮತ್ತೂ ಬೇರೆ. ಒಂದರಲ್ಲಿ ಕೊಂಚ ನೀಲಿ, ಇನ್ನೊಂದರಲ್ಲಿ ಕೊಂಚ ಕೆಂಪು, ಮತ್ತೊಂದರಲ್ಲಿ ಕಂಡೂ ಕಾಣದಷ್ಟು ಹಸಿರು. ಹೋದ ವರ್ಷ ಬಳಿದ ಗೋಡೆಯ ಪಕ್ಕದಲ್ಲಿ ಈ ವರ್ಷ ಬಳಿದ ಗೋಡೆ ನಿಂತರೆ ಎರಡೂ ಅಕ್ಕತಂಗಿಯರಂತೆ ಕಂಡರೆ ಸಾಲದು, ಒಂದೇ ಮೈಯಂತೆ ಕಾಣಬೇಕು. ಇಲ್ಲದಿದ್ದರೆ ಗಿರಾಕಿ ಮಾಲನ್ನು ವಾಪಸು ಕಳಿಸುತ್ತಾನೆ, ಜೊತೆಗೆ ನಾಲ್ಕು ಮಾತನ್ನೂ ಕಳಿಸುತ್ತಾನೆ.

ಹಾಗಾಗದಂತೆ ನೋಡಿಕೊಳ್ಳುತ್ತಿದ್ದವಳು ಬಣ್ಣದಕ್ಕ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿತ್ತು, ಬಾಯಲ್ಲಿ ಇರಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ದೊಡ್ಡ ತೊಟ್ಟಿಯಲ್ಲಿ ಬಣ್ಣ ಕಲೆಸುತ್ತಿದ್ದರು. ಅದರಿಂದ ಒಂದು ಡಬ್ಬದಷ್ಟು ತುಂಬಿ ಮೇಲೆ ತಂದು ಅವಳ ಮುಂದಿಡುತ್ತಿದ್ದರು. ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ನೀಲಿ ಸಾಲದು”, “ಕಪ್ಪು ಜಾಸ್ತಿ ಮಾಡಿದ್ದೀರ, ಮನೇಲಿ ಉಪ್ಪೂ ಹೀಗೇ ಸುರೀತೀರಾ?” ಎನ್ನುತ್ತಿದ್ದಳು. ಕೆಳಗೆ ಓಡುವುದು, ಸೇರಿಸುವುದು, ಮತ್ತೆ ತರುವುದು. ಕೊನೆಗೊಮ್ಮೆ ಅವಳು ಮಾತಾಡದೆ ಹೆಬ್ಬೆರಳನ್ನು ಬಣ್ಣಕ್ಕೆ ಅದ್ದಿ ಡಬ್ಬದ ಮುಚ್ಚಳದ ಮೇಲೆ ದಪ್ಪಗೆ ಒತ್ತಿದರೆ ಮುಗಿಯಿತು, ಅದೇ ಒಪ್ಪಿಗೆ. ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ ಎಂದು ಲೋಕ ನಗುತ್ತದೆ. ಅಲ್ಲಿ ಓದಿಕೊಂಡವರೆಲ್ಲ ಅವಳ ಹೆಬ್ಬೆಟ್ಟಿಗೆ ಕಾಯುತ್ತಿದ್ದರು.

ಹೆಬ್ಬೆಟ್ಟು ಬಿದ್ದ ಮೇಲೆ ತೊಟ್ಟಿಗೆ ಒಂದು ಹನಿ ಬಿದ್ದರೂ ಹಾಕಿದವನು ಮನೆಗೆ. ಈ ನಿಯಮ ಮಾಡಿದವಳೂ ಅವಳೇ. ಮಾಲನ್ನು ಗಿರಾಕಿಗೆ ತುಂಬಿ ಕಳಿಸುವಾಗ ಅದೇ ಮಾಲಿನಿಂದ ಆ ಡಬ್ಬವನ್ನೂ ತುಂಬಿ, ಹೆಬ್ಬೆಟ್ಟಿನ ಮುಚ್ಚಳ ಬಿಗಿದು, ಮಾದರಿ ಕೋಣೆಯ ಗೂಡಿನಲ್ಲಿ ಇಡಬೇಕು. ಮುಂದೆಂದಾದರೂ ತಕರಾರು ಬಂದರೆ ಮುಚ್ಚಳದ ಮೇಲಿರುವುದು ಅವಳು ಒಪ್ಪಿದ ಬಣ್ಣ, ಒಳಗಿರುವುದು ಗಿರಾಕಿಗೆ ಹೋದ ಬಣ್ಣ, ಹೋಲಿಸಿ ನೋಡಿ ಎನ್ನಬಹುದು. ತಕರಾರು ಬಂದದ್ದೇ ಇಲ್ಲ. ಹಾಗಾಗಿ ಯಾರೂ ಹೋಲಿಸಿರಲಿಲ್ಲ.

ಅವಳ ಬಲಗೈ ಎಂದರೆ ಎಡಚ. ಎಡಗೈಯಲ್ಲಿ ಕೆಲಸ ಮಾಡುತ್ತಿದ್ದುದಕ್ಕೆ ಬಂದ ಹೆಸರು. ಹೆಬ್ಬೆಟ್ಟು ಬಿದ್ದ ಡಬ್ಬವನ್ನು ಕೆಳಗೆ ತೊಟ್ಟಿಯ ಹತ್ತಿರ ಒಯ್ಯುವವನು ಅವನೇ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವಳ ಕೈಕೆಳಗೆ ಸೇರಿದವನಿಗೆ ಈಗ ಆ ಮೀಸೆಯಲ್ಲಿ ಬಿಳಿ ಕೂದಲು ಬಂದಿತ್ತು. ತಾಯಿ ಹಾಸಿಗೆ ಹಿಡಿದಿದ್ದಳು, ಮಗಳು ಓದುತ್ತಿದ್ದಳು, ಅವನು ಬಾಯಿ ಬಿಡುತ್ತಿದ್ದುದು ಕಡಿಮೆ. ಬಣ್ಣದಕ್ಕ ಅವನನ್ನು ಬೈದೇ ಬೆಳೆಸಿದ್ದಳು. “ನಿನ್ನ ಕಣ್ಣು ಇರೋದು ಕಣ್ಣೀರಿಗೆ ಮಾತ್ರ ಏನೋ?” ಎಂದು ಎಲ್ಲರ ಮುಂದೆ ಕೇಳುತ್ತಿದ್ದಳು. ಆದರೆ ಕಲಿಸುವುದನ್ನು ಮುಚ್ಚಿಡಲಿಲ್ಲ. ಒಂದು ಬಿಳಿಯನ್ನು ಬೆಳಿಗ್ಗೆ ನೋಡಬೇಕು, ಮೋಡ ಬಂದಾಗ ನೋಡಬೇಕು, ದೀಪದ ಕೆಳಗೆ ನೋಡಬೇಕು, ಆಮೇಲೆ ಬಾಯಿ ತೆಗೆಯಬೇಕು ಎಂದು ಅವನ ತಲೆಗೆ ಬಡಿದು ಕೂರಿಸಿದ್ದಳು. ಕೋಣೆಯಲ್ಲಿ ಇನ್ನಿಬ್ಬರಿದ್ದರು: ಎಲ್ಲದಕ್ಕೂ ತಲೆಯಾಡಿಸುವ ದಪ್ಪಣ್ಣ, ಏನು ಹೇಳಿದರೂ ಗಂಟಲೊಳಗೇ ಹೇಳುವ ಒಬ್ಬ ಹೆಂಗಸು. ಅವಳನ್ನು ಪಿಸುಮಾತು ಎನ್ನುತ್ತಿದ್ದರು.

ಇನ್ನೊಬ್ಬಳೂ ಇದ್ದಳು, ಕನ್ನಡಕದವಳು, ಬಣ್ಣದ ವಿಷಯವನ್ನೇ ಓದಿಕೊಂಡು ಬಂದವಳು. ಸೇರಿದ ಹೊಸದರಲ್ಲಿ ಅವಳು ಹೆಬ್ಬೆಟ್ಟು ಬಿದ್ದಿದ್ದ ಒಂದು ಡಬ್ಬ ನೋಡಿ, “ಅಕ್ಕ, ಇದು ಸ್ವಲ್ಪ ಹಳದಿ ಇದೆಯಲ್ವಾ?” ಎಂದಿದ್ದಳು. ಬಣ್ಣದಕ್ಕ ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ಕನ್ನಡಕ ಹಾಕ್ಕೊಂಡೋರು ನನಗೆ ಬಣ್ಣ ತೋರಿಸೋ ಕಾಲ ಬಂತು” ಎಂದಳು. ಮರುವಾರ ಆ ಹೆಂಗಸು ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದಳು. ಆಮೇಲೆ ಬೆಕ್ಕಿಗೆ ಗಂಟೆ ಕಟ್ಟಲು ಯಾರೂ ಮುಂದೆ ಬರಲಿಲ್ಲ.

ಬಣ್ಣದಕ್ಕನ ಕಣ್ಣು ಆ ಹೊತ್ತಿಗಾಗಲೇ ಮಂಜಾಗತೊಡಗಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ ಎನ್ನುವುದು ಅರ್ಧ ಸತ್ಯ. ಬಸ್ಸಿನ ಬೋರ್ಡು ಓದಲು ಕಷ್ಟವಾಗುತ್ತಿತ್ತು, ಎದುರಿಗೆ ಬಂದ ವಾಹನದ ದೀಪ ಚೂರುಚೂರಾಗಿ ಕಾಣುತ್ತಿತ್ತು. ಅವಳ ಗಂಡ ಬಸ್ ಕಂಡಕ್ಟರಾಗಿ ನಿವೃತ್ತನಾದವನು. “ಡಾಕ್ಟರ ಹತ್ರ ಹೋಗೋಣ ಬಾ, ನಾನೇ ಸೀಟು ಹಿಡಿದು ಕೊಡ್ತೀನಿ” ಎನ್ನುತ್ತಿದ್ದ. “ಬೋರ್ಡು ಓದೋ ಕಣ್ಣು ಬೇರೆ, ಬಣ್ಣ ಓದೋ ಕಣ್ಣು ಬೇರೆ. ನಿಮಗೇನು ಗೊತ್ತು?” ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗಾದೆಯಿದೆ. ಪೊರೆ ಬಂದ ಕಣ್ಣಿನ ಪಾಡು ಅದಕ್ಕಿಂತ ಕೆಟ್ಟದ್ದು. ಅದು ಹಳದಿಯ ಮೂಲಕವೇ ನೋಡುತ್ತದೆ, ಹಾಗಾಗಿ ಬಿಳಿಯಲ್ಲಿ ಸೇರಿಕೊಂಡ ಹಳದಿ ಅದಕ್ಕೆ ಕಾಣುವುದೇ ಇಲ್ಲ.

ಹೀಗಿರುವಾಗ ಚಿಕ್ಕ ಧಣಿ ನಾಯಕತ್ವದ ಬಗ್ಗೆ ಯಾವುದೋ ಶಿಬಿರಕ್ಕೆ ಹೋಗಿ ಬಂದ. ಹಿರಿಯ ಧಣಿ ತೀರಿಕೊಂಡ ಮೇಲೆ ಕಾರ್ಖಾನೆ ಇವನ ಕೈಗೆ ಬಂದಿತ್ತು. ಶಿಬಿರದಿಂದ ಬಂದವನು ಊಟದ ಕೋಣೆಯ ಗೋಡೆಗೆ “ಕಲಿಯುವವರಿಗೆ ವಯಸ್ಸಿಲ್ಲ”, “ಅನುಭವವೇ ನಮ್ಮ ಆಸ್ತಿ” ಎಂದು ಹಲಗೆ ಬರೆಸಿ ಹಾಕಿಸಿದ. ಆಮೇಲೆ ಬಣ್ಣದಕ್ಕನನ್ನೂ ಎಡಚನನ್ನೂ ಕರೆಸಿ, ಬಣ್ಣ ಅಳೆಯುವ ಯಂತ್ರ ತರಿಸುತ್ತೇನೆ ಎಂದ. ಎಡಚ ಹೊರಗೆ ಹೋಗಿ ಅದನ್ನು ಕಲಿತು ಬರಲಿ, ಬಂದ ಮೇಲೆ ಕೋಣೆ ಅವನು ನೋಡಿಕೊಳ್ಳಲಿ.

“ಮತ್ತೆ ನಾನು?” ಎಂದಳು ಬಣ್ಣದಕ್ಕ.

“ನೀವು ಸಲಹೆಗಾರರು. ಬೇಕಾದ್ರೆ ನೀವೂ ಕಲೀಬಹುದು. ಕಲಿಯೋಕೆ ವಯಸ್ಸೇನು?”

“ನನಗೆ ಕಲಿಸೋಕೆ ಯಾರು ಬರ್ತಾರೆ, ಆ ಡಬ್ಬವಾ?” ಅವಳ ಕುತ್ತಿಗೆಯ ನರ ಉಬ್ಬಿತು. “ಮೊದಲು ನನ್ನ ಜೊತೆ ಒಂದು ಸಲ ಕೂರಿಸಿ ನೋಡಿ. ಅದು ಗೆದ್ದರೆ ನಾನೇ ಅದಕ್ಕೆ ನನ್ನ ಕುರ್ಚಿ ಬಿಟ್ಟುಕೊಡ್ತೀನಿ.”

ಎಡಚ ನೆಲ ನೋಡುತ್ತ ನಿಂತಿದ್ದ. ಅಷ್ಟು ವರ್ಷಗಳಲ್ಲಿ ಅವನಿಗೆಂದು ಬಂದದ್ದು ಇದೊಂದೇ ಅವಕಾಶ ಎನ್ನುವುದು ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಆ ಹೊತ್ತಿನಲ್ಲಿ ಅವಳು ಅದನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲ.

ಪಂದ್ಯದ ದಿನ ಯಂತ್ರ ಮಾರುವವನು ಕೋಟು ಹಾಕಿಕೊಂಡು ಬಂದ. ಒಂದು ದೊಡ್ಡ ಆಸ್ಪತ್ರೆಗೆ ಮಾಲು ಕೊಳ್ಳುವ ಹೆಂಗಸು ತೀರ್ಪುಗಾರಳು. ಅವಳು ತಂದ ಹಳೆಯ ಗೋಡೆಯ ಚೂರನ್ನು ಯಂತ್ರವೂ ಬಣ್ಣದಕ್ಕನೂ ನೋಡಿ, ತಮ್ಮ ತಮ್ಮ ಬಿಳಿ ಕಲೆಸಬೇಕು. ಎರಡನ್ನೂ ಪಕ್ಕದ ಕೋಣೆಯಲ್ಲಿ ಹಲಗೆಗೆ ಬಳಿದು, ಒಣಗಿದ ಮೇಲೆ ತೋರಿಸಬೇಕು. ಯಂತ್ರ ಗುಂಯ್ ಎಂದಿತು. ಬಣ್ಣದಕ್ಕ ಕಿಟಕಿಗೆ ಬೆನ್ನು ಹಾಕಿ ಕೂತು ಕಲೆಸಿದಳು, ನೋಡಿದಳು, ಮತ್ತೆ ಕಲೆಸಿದಳು, ಹೆಬ್ಬೆಟ್ಟು ಒತ್ತಿದಳು. ಎಂದಿನಂತೆ ಎಡಚ ಡಬ್ಬ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದ.

ಹಲಗೆಗಳು ಒಣಗಿ ಬಂದಾಗ ಯಾರದು ಯಾವುದೆಂದು ಹೇಳದೆ ಆಸ್ಪತ್ರೆಯವಳ ಮುಂದೆ ಇಟ್ಟರು. ಅವಳು ಚೂರನ್ನು ಒಂದರ ಮೇಲಿಟ್ಟಳು, ಅಂಚು ಗೊತ್ತಾಯಿತು. ಇನ್ನೊಂದರ ಮೇಲಿಟ್ಟಳು, ಚೂರು ಎಲ್ಲಿ ಮುಗಿಯಿತು ಹಲಗೆ ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಎರಡನೆಯದು ಬಣ್ಣದಕ್ಕನದು.

ಯಂತ್ರದವನು ಕೋಟಿನ ಗುಂಡಿ ಹಾಕಿಕೊಂಡು ಹೊರಟ. ಯಂತ್ರದ ಬೆಲೆ ಕೇಳಿದಂದಿನಿಂದ ಮೂಗಿಗಿಂತ ಮೂಗುತಿ ಭಾರ ಎಂದು ಒಳಗೊಳಗೇ ನರಳುತ್ತಿದ್ದ ಚಿಕ್ಕ ಧಣಿಗೆ ಸಂತೋಷವೇ ಆಯಿತು. ಬಣ್ಣದಕ್ಕನ ದೊಡ್ಡ ಫೋಟೋ ತೆಗೆಸಿ, ಕೆಳಗೆ “ನಮ್ಮ ಕಣ್ಣು” ಎಂದು ಬರೆಸಿ ಗೇಟಿನಲ್ಲಿ ನಿಲ್ಲಿಸಿದ. ಎಡಚನ ಕಲಿಕೆಯ ಪ್ರಯಾಣ ರದ್ದಾಯಿತು. ಅವತ್ತು ಸಂಜೆ ಅವನು ಕೈ ತೊಳೆಯುತ್ತಿದ್ದಾಗ ಬಣ್ಣದಕ್ಕ ಎಲ್ಲರಿಗೂ ಕೇಳುವಂತೆ, “ಏನೋ, ಗುರುವನ್ನ ಬಿಟ್ಟು ಯಂತ್ರದ ಶಿಷ್ಯ ಆಗೋಕೆ ಹೊರಟಿದ್ದೆಯಲ್ಲ, ನೋಡಿದೆಯಾ?” ಎಂದಳು. ದಪ್ಪಣ್ಣ ಜೋರಾಗಿ ನಕ್ಕ. ಎಡಚ, “ನೋಡಿದೆ ಅಕ್ಕ” ಎಂದು ಕೈ ಒರೆಸಿಕೊಂಡ.

ಗೆದ್ದವರಿಗೆ ಧೈರ್ಯ ಬರುತ್ತದೆ. ಇನ್ನು ತನ್ನ ಕುರ್ಚಿಗೆ ಭಯವಿಲ್ಲ ಎಂದಾದ ಮೇಲೆ ಅವಳು ಗಂಡನ ಮಾತಿಗೆ ಒಪ್ಪಿ ಕಣ್ಣಿನ ಆಸ್ಪತ್ರೆಗೆ ಹೋದಳು. ಎರಡೂ ಕಣ್ಣಲ್ಲಿ ಪೊರೆ ಬಲಿತಿತ್ತು. ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಅವಳು ಮನೆಯ ಬಚ್ಚಲ ಬಾಗಿಲಲ್ಲಿ ನಿಂತು ಒಗೆದ ಬಟ್ಟೆ ನೋಡಿದಳು. ಎಡಗಣ್ಣು ಮುಚ್ಚಿದಳು, ಗಂಡನ ಬನಿಯನ್ ಈಗಷ್ಟೇ ನೀಲಿ ಹಾಕಿ ಹಿಂಡಿದಂತೆ ಬೆಳ್ಳಗಿತ್ತು. ಬಲಗಣ್ಣು ಮುಚ್ಚಿದಳು, ಅದೇ ಬನಿಯನ್ ಹಳೆಯ ಕಾಗದದಂತಿತ್ತು. ಮತ್ತೆ ಮತ್ತೆ ಮಾಡಿದಳು.

“ಏನೇ, ಬನಿಯನ್ನಿಗೆ ಕಣ್ಣು ಹೊಡೀತಿದ್ದೀಯಾ? ನಾನು ಇಲ್ಲೇ ಇದ್ದೀನಿ” ಎಂದ ಗಂಡ.

ಅವಳಿಗೆ ನಗು ಬರಲಿಲ್ಲ.

ಕೆಲಸಕ್ಕೆ ಮರಳಿದವಳು ಮೊದಲು ಹೋದದ್ದು ಮಾದರಿ ಕೋಣೆಗೆ. ಒಳಗಿನಿಂದ ಚಿಲಕ ಹಾಕಿಕೊಂಡಳು. ಕೆಟ್ಟ ಕಣ್ಣಿನಿಂದ ಎಷ್ಟು ಮಾಲು ಕೆಡಿಸಿದ್ದೇನೋ ಎಂಬ ಭಯ ಅವಳಿಗೆ. ಆಸ್ಪತ್ರೆಯ ಬಿಳಿಯ ಡಬ್ಬವೊಂದನ್ನು ತೆಗೆದು, ಒಳಗಿನ ಬಣ್ಣವನ್ನು ಹಲಗೆಗೆ ಸವರಿ, ಒಣಗಿಸಿ, ಹೊಸ ಕಣ್ಣಿನಿಂದ ನೋಡಿದಳು. ಹಾಲಿನಂತಿತ್ತು, ಏನೂ ಕೊರತೆಯಿರಲಿಲ್ಲ. ಇನ್ನೊಂದು ತೆಗೆದಳು, ಅದೂ ಸರಿ. ಎದೆ ಹಗುರಾಯಿತು. ಕಣ್ಣು ಹೋದರೂ ಕೈ ತಪ್ಪಲಿಲ್ಲ, ಇದಲ್ಲವೇ ಅನುಭವ ಎಂದುಕೊಂಡು ಮುಚ್ಚಳ ಹಾಕಲು ಎತ್ತಿದಳು. ಮುಚ್ಚಳದ ಮೇಲಿನ ತನ್ನ ಹೆಬ್ಬೆಟ್ಟು ಕಂಡಿತು. ಅದು ಹಳದಿಯಾಗಿತ್ತು.

ಹಳೆಯದಾಗಿ ಹಳದಿ ತಿರುಗಿರಬೇಕೆಂದು ಇನ್ನೂ ಹಿಂದಿನ ಡಬ್ಬಗಳನ್ನು ಇಳಿಸಿದಳು. ಕಣ್ಣು ಚೆನ್ನಾಗಿದ್ದ ಕಾಲದವು. ಅವುಗಳಲ್ಲಿ ಹೆಬ್ಬೆಟ್ಟಿನ ಬಿಳಿಯೂ ಒಳಗಿನ ಬಿಳಿಯೂ ಒಂದೇ. ಈಚಿನವನ್ನು ಇಳಿಸಿದಳು. ಒಂದರಲ್ಲೂ ಹೆಬ್ಬೆಟ್ಟಿಗೂ ಒಳಗಿನ ಬಣ್ಣಕ್ಕೂ ತಾಳೆಯಿಲ್ಲ. ಅವಳು ಒಪ್ಪಿದ್ದು ಹಳದಿ, ಗಿರಾಕಿಗೆ ಹೋದದ್ದು ಬಿಳಿ. ಅವಳ ಹೆಬ್ಬೆಟ್ಟು ಬಿದ್ದ ಮೇಲೆ, ಮೇಲಿನ ಮಹಡಿಗೂ ತೊಟ್ಟಿಗೂ ನಡುವೆ, ಯಾರೋ ಪ್ರತಿ ಸಲವೂ ಅವಳ ತಪ್ಪನ್ನು ತಿದ್ದಿದ್ದರು. ಡಬ್ಬ ಕೆಳಗೆ ಒಯ್ಯುತ್ತಿದ್ದವನು ಒಬ್ಬನೇ. ಪಂದ್ಯದ ಡಬ್ಬವನ್ನು ಒಯ್ದವನೂ ಅವನೇ.

ಎಡಚನನ್ನು ಅಲ್ಲಿಗೇ ಕರೆಸಿದಳು. ಬಿಚ್ಚಿಟ್ಟ ಡಬ್ಬಗಳನ್ನು ನೋಡಿ ಅವನು ಬಾಗಿಲಲ್ಲೇ ನಿಂತ.

“ಎಷ್ಟು ದಿನದಿಂದ?”

“ಕನ್ನಡಕದವಳು ಹೇಳಿದಳಲ್ಲ ಅಕ್ಕ, ಅದಕ್ಕೂ ಸ್ವಲ್ಪ ಮುಂಚಿನಿಂದ.”

“ಪಂದ್ಯದ್ದೂ?”

“ಹೂಂ. ನೀಲಿ ಕಡಿಮೆ ಇತ್ತು.”

“ಬಿಟ್ಟಿದ್ದರೆ ಈ ಕೋಣೆ ನಿನ್ನದಾಗ್ತಿತ್ತಲ್ಲೋ.”

ಎಡಚ ಒಳಗೆ ಬಂದು ಬಿಚ್ಚಿಟ್ಟಿದ್ದ ಒಂದು ಡಬ್ಬಕ್ಕೆ ಮುಚ್ಚಳ ಹಾಕಿದ. “ಆ ಹೊತ್ತಿಗೆ ಕೈ ತಾನಾಗೇ ಹೋಯ್ತು ಅಕ್ಕ. ಬಣ್ಣ ಕೆಟ್ಟಿದೆ ಅಂತ ಗೊತ್ತಿದ್ದೂ ಬಿಡೋದನ್ನ ನೀವು ಕಲಿಸಿರಲಿಲ್ಲ.”

“ಒಂದು ಮಾತು ನನಗೆ ಹೇಳಬಾರದಿತ್ತಾ?”

“ಹೇಳಿದವಳು ಚೀಟಿ ಅಂಟಿಸ್ತಿದ್ದಾಳೆ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಚುಚ್ಚಿತು. “ಬಣ್ಣ ಕಲಿತದ್ದೂ ನಿಮ್ಮಿಂದ, ಬಾಯಿ ಮುಚ್ಕೊಂಡು ಇರೋದು ಕಲಿತದ್ದೂ ನಿಮ್ಮಿಂದಾನೇ. ಹೋಗ್ಲಿ ಬಿಡಿ. ಈಗ ಕಣ್ಣು ಸರಿಹೋಯ್ತಲ್ಲ.”

ಅವಳು ಅಳುವವಳಲ್ಲ. ಹೊಸ ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ಸೆರಗನ್ನು ಒತ್ತಿ ಹಿಡಿದಳು. ಇಡೀ ಕೋಣೆಗೆ ಗೊತ್ತಿತ್ತು. ದಪ್ಪಣ್ಣನ ತಲೆಯಾಟ, ಪಿಸುಮಾತಿನ ಗುಸುಗುಸು, ಎಲ್ಲದರ ಅರ್ಥ ಈಗ ಆಯಿತು. ಗೇಟಿನಲ್ಲಿ “ನಮ್ಮ ಕಣ್ಣು” ಎಂದು ಅವಳ ಫೋಟೋ ನಿಲ್ಲಿಸಿದಾಗ ಇವರೆಲ್ಲ ಚಪ್ಪಾಳೆ ತಟ್ಟಿದ್ದರು. ಅವಮಾನದಿಂದ ಮೈ ಉರಿಯಿತು. ಅದರ ಹಿಂದೆಯೇ ಒಂದು ನಿರ್ಧಾರವೂ ಬಂತು.

“ಈಗಲೇ ಧಣಿ ಹತ್ರ ಹೋಗ್ತೀನಿ. ಎಲ್ಲಾ ಹೇಳ್ತೀನಿ. ಕೋಣೆ ನಿನಗೇ ಸೇರಬೇಕು.”

ಎಡಚನ ಮುಖ ಬಿಳಿಚಿಕೊಂಡಿತು. “ಬೇಡ ಅಕ್ಕ. ಹೇಳ್ಬೇಡಿ.”

“ನೀನು ಸುಮ್ನಿರು. ನಿನಗೇನು ಗೊತ್ತು?”

“ಅಕ್ಕ, ಒಂದು ಸಲ ನನ್ನ ಮಾತು ಕೇಳಿ. ಅವರು ಅದನ್ನ ಬೇರೆ ಥರ ತಗೋತಾರೆ.”

“ನಾನು ಹೇಳಿದ ಮೇಲೆ ಬೇರೆ ಥರ ತಗೊಳ್ಳೋರು ಈ ಕಾರ್ಖಾನೇಲಿ ಯಾರಿದ್ದಾರೆ?” ಎಂದು ಅವನನ್ನು ಸರಿಸಿ ಹೊರಟಳು.

ಚಿಕ್ಕ ಧಣಿ ಪೂರ್ತಿ ಕೇಳಿಸಿಕೊಂಡ. ಶಿಬಿರದಲ್ಲಿ ಅದನ್ನು ಕಲಿಸಿದ್ದರೇನೋ, ನಡುವೆ ಬಾಯಿ ಹಾಕಲಿಲ್ಲ. ಅವಳು ಮುಗಿಸಿದ ಮೇಲೆ, “ಅಂದ್ರೆ, ನೀವು ಒಪ್ಪಿದ ಮಾಲಿಗೆ ಅವನು ಇಷ್ಟು ಕಾಲದಿಂದ ಕದ್ದು ಕೈ ಹಾಕ್ತಿದ್ದ” ಎಂದ.

“ಕೈ ಹಾಕಿದ್ದಕ್ಕೇ ಕಾರ್ಖಾನೆ ಮಾನ ಉಳೀತು.”

“ಇವತ್ತು ಒಳ್ಳೇದಕ್ಕೆ ಹಾಕಿದ. ನಾಳೆ ಇನ್ನೊಬ್ಬ ಕೆಟ್ಟದ್ದಕ್ಕೆ ಹಾಕ್ತಾನೆ. ನಿಯಮ ಯಾರು ಮಾಡಿದ್ದು?”

ಅವಳು ತನ್ನ ಹೆಬ್ಬೆರಳು ನೋಡಿಕೊಂಡಳು.

“ಆ ಆಸ್ಪತ್ರೆಯವರ ಮುಂದೆ ಪಂದ್ಯ ಮಾಡಿಸಿದ್ದೀವಿ. ಗೇಟಿನಲ್ಲಿ ನಿಮ್ಮ ಫೋಟೋ ಇದೆ. ಪಂದ್ಯದಲ್ಲೇ ಮೋಸ ಆಗಿತ್ತು ಅಂತ ಹೊರಗೆ ಗೊತ್ತಾದ್ರೆ ನಮ್ಮ ಮಾಲನ್ನ ಯಾರು ಮುಟ್ತಾರೆ ಹೇಳಿ.” ಅವನು ದನಿ ತಗ್ಗಿಸಿದ. “ನೀವು ಹೇಳಿದ್ದು ಒಳ್ಳೇದಾಯ್ತು. ಅವನನ್ನ ಸದ್ದಿಲ್ಲದೆ ಕಳಿಸಿಬಿಡೋಣ.”

“ಹಾಗಾದ್ರೆ ನಾನೂ ಹೋಗ್ತೀನಿ” ಎಂದಳು. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

“ನೀವ್ಯಾಕೆ? ನಿಮ್ಮ ಕಣ್ಣು ಈಗ ಹೊಸದು. ನಿಮ್ಮಂಥ ಅನುಭವಸ್ಥರನ್ನ ಕಳ್ಕೊಳ್ಳೋಕಾಗುತ್ತಾ?” ಎಂದು ಅವನು ಎದ್ದು ನಿಂತು ಕೈ ಮುಗಿದ.

ಅವಳು ರಾಜೀನಾಮೆ ಕೊಡುತ್ತೇನೆಂದು ಮನೆಯಲ್ಲಿ ಹೇಳಿದಳು. ಗಂಡ, “ನಿನ್ನಿಷ್ಟ. ಇಳಿಯೋ ಜಾಗ ಬಂತು ಅನ್ಸಿದ್ರೆ ಇಳಿದುಬಿಡು” ಎಂದ. ಬೆಳಿಗ್ಗೆ ಎದ್ದು ಎಂದಿನಂತೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಎಡಚನ ಪರವಾಗಿ ಇನ್ನೊಮ್ಮೆ ಮಾತಾಡಲು ಒಳಗಿದ್ದರೆ ಅನುಕೂಲ ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಬೇರೆಯಿತ್ತು. ಆ ಕಿಟಕಿ, ಆ ಕುರ್ಚಿ ಇಲ್ಲದಿದ್ದರೆ ತಾನು ಯಾರೆಂದು ಅವಳಿಗೆ ತಿಳಿಯದಾಗಿತ್ತು. ಬಿಟ್ಟು ಹೋಗುವ ಧೈರ್ಯ ಅವಳಲ್ಲಿರಲಿಲ್ಲ, ಅಷ್ಟೆ.

ಎಡಚ ಲೆಕ್ಕ ಚುಕ್ತಾ ಮಾಡಿಸಿಕೊಂಡು ತನ್ನ ಬಣ್ಣ ಕಲೆಸುವ ಕಡ್ಡಿ, ಕುಂಚ, ಮೈಮೇಲೆ ಹಾಕಿಕೊಳ್ಳುತ್ತಿದ್ದ ಹಳೆಯ ಅಂಗಿ ಎತ್ತಿಕೊಳ್ಳಲು ಬಂದ. ದಪ್ಪಣ್ಣನೂ ಪಿಸುಮಾತೂ ಏನೋ ಹುಡುಕುವವರಂತೆ ಬೇರೆ ಕಡೆ ತಿರುಗಿದರು. ಬಣ್ಣದಕ್ಕ ಎದ್ದು ಅವನ ಹತ್ತಿರ ಹೋದಳು.

“ಹೇಳ್ಬೇಡಿ ಅಂದಿದ್ದೆ ಅಕ್ಕ” ಎಂದ ಎಡಚ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಬಣ್ಣದಕ್ಕನಿಗೂ ಬಂತು. ಎಡಗಣ್ಣಿನ ಚಿಕಿತ್ಸೆಯೂ ಮುಗಿದ ಮೇಲೆ ಅವಳು ಹಟ ಹಿಡಿದು ಕನ್ನಡಕದವಳನ್ನು ಪ್ಯಾಕಿಂಗಿನಿಂದ ವಾಪಸು ಕರೆಸಿದಳು. ಮೂವರನ್ನೂ ಕೂರಿಸಿಕೊಂಡು ತಾನೇ ಚಹಾ ತರಿಸಿ ಕೊಟ್ಟಳು. “ನೋಡಿ, ಇಷ್ಟು ದಿನ ನನ್ನದು ತಪ್ಪಾಯ್ತು. ಇನ್ನು ಮೇಲೆ ನನ್ನ ಕಣ್ಣಿಗೆ ಕಾಣದ್ದು ನಿಮಗೆ ಕಂಡರೆ ಮುಖದ ಮೇಲೆ ಹೇಳಿ. ನಾನು ಬೈದರೂ ಹೇಳಿ. ನಿಮ್ಮಿಂದ ಕಲಿಯೋಕೆ ನನಗೆ ನಾಚಿಕೆ ಇಲ್ಲ.” ಮೂವರೂ ಚಹಾ ಹೀರುತ್ತ ಆಗಲಿ ಅಕ್ಕ ಎಂದರು. ಆ ಮಾತು ಅವಳ ಕಿವಿಗೆ ತಂಪಾಗಿ ಬಿತ್ತು.

ಆದರೂ ಒಂದು ದಿನ ಆಸ್ಪತ್ರೆಯ ಬಿಳಿಯ ಡಬ್ಬ ಮುಂದಿದ್ದಾಗ ಅವಳಿಗೆ ಏನನ್ನಿಸಿತೋ, ಮೂವರೂ ಕೆಳಗೆ ಹೋಗಿದ್ದ ಹೊತ್ತಿನಲ್ಲಿ ಅದಕ್ಕೆ ಹಳದಿ ಸುರಿದು ಕಲೆಸಿಬಿಟ್ಟಳು. ಅದು ಕಂಡೂ ಕಾಣದ ಹಳದಿಯಲ್ಲ, ಬೀದಿಯಲ್ಲಿ ಹೋಗುವವನನ್ನು ಕರೆದು ಕೇಳಿದರೂ ಇದು ಬಿಳಿಯಲ್ಲ ತಾಯಿ ಎನ್ನುತ್ತಿದ್ದ. ಅವರು ಬಂದ ಮೇಲೆ ಡಬ್ಬವನ್ನು ಬೆಳಕಿಗೆ ಹಿಡಿದು, “ಸರಿಹೋಗಿದೆ ಅನ್ಸುತ್ತೆ. ನೀವೇನಂತೀರ?” ಎಂದಳು.

ದಪ್ಪಣ್ಣ ಬಗ್ಗಿ ನೋಡಿ, ಬೇಗ ಬೇಗ ತಲೆಯಾಡಿಸಿದ. “ಸರಿಯಾಗಿದೆ ಅಕ್ಕ.”

ಪಿಸುಮಾತು ಇನ್ನೂ ಹತ್ತಿರ ಬಂದು ನೋಡಿದಳು. ಗಂಟಲೊಳಗೇ, “ಸರಿಯಾಗಿದೆ” ಎಂದಳು.

ಬಣ್ಣದಕ್ಕ ಕನ್ನಡಕದವಳ ಕಡೆ ತಿರುಗಿದಳು. ಹೇಳು ಮಾರಾಯ್ತಿ, ನೀನಾದರೂ ಹೇಳು ಎಂದು ಅವಳ ಜೀವ ಬೇಡುತ್ತಿತ್ತು. ಕನ್ನಡಕದವಳು ಡಬ್ಬವನ್ನು ನೋಡಿದಳು, ಬಣ್ಣದಕ್ಕನ ಮುಖವನ್ನು ನೋಡಿದಳು, ಮತ್ತೆ ಡಬ್ಬವನ್ನು ನೋಡಿದಳು. ಚೀಟಿ ಅಂಟಿಸಿ ಅಂಟಿಸಿ ಸಿಪ್ಪೆ ಎದ್ದ ಬೆರಳುಗಳನ್ನು ಅಂಗೈಯೊಳಗೆ ಮಡಿಸಿಕೊಂಡಳು.

“ನಿಮಗೆ ಸರಿ ಕಂಡರೆ ಸರೀನೇ ಅಕ್ಕ” ಎಂದಳು.

ಕೆಳಗಿನಿಂದ ತೊಟ್ಟಿಯವನು, ಆಯಿತಾ ಎಂದು ಕೂಗಿ ಕೇಳಿದ. ಬಣ್ಣದಕ್ಕ ಡಬ್ಬವನ್ನು ಬೆಳಕಿಗೆ ಹಿಡಿದುಕೊಂಡೇ ಕೂತಿದ್ದಳು. ಆಯಿತು ಎಂದು ದಪ್ಪಣ್ಣನೇ ಅವಳ ಪರವಾಗಿ ಉತ್ತರ ಕೊಟ್ಟ.